ಒಣಮೀನಿಗೊಂದು ದ್ವೀಪ

ಬೂತಾಯಿ ಮೀನನ್ನು ಗಾಳದ ತುದಿಗೆ ಸಿಕ್ಕಿಸುವ ದೇಶ ಇದು. ಮೆಲ್ಬರ್ನಿಗೆ ಬಂದ ಹೊಸತರಲ್ಲಿ, ಪೆಟ್ರೋಲ್ ಬಂಕಿನ ಫ್ರಿಜ್ಜಿನೊಳಗೆ ಚೀಲ ತುಂಬ ಬೂತಾಯಿ ಕಂಡು ಎರಡು ಚೀಲ ಎತ್ತಿಕೊಂಡೆ. ಮಗಳು ಕೈಯಿಂದ ಕಸಿದು ವಾಪಸ್ಸಿಟ್ಟಳು.

"ಅಮ್ಮ, ಅದು ತಿನ್ನುದಕ್ಕಲ್ಲ. ಅದನ್ನು ಹಾಕಿ ಬೇರೆ ಮೀನು ಹಿಡಿಯುದು."

"ಮತ್ತೆ ಇವರು ಎಂತ ತಿನ್ನುದು?"

"ಬೂತಾಯಿ ತಿಂದ ಮೀನನ್ನು."

"ಬೂತಾಯಿಯನ್ನೇ ತಿಂದರೆ ಆಗುದಿಲ್ವಾ? ನಡುವೆ ಆ ಇನ್ನೊಂದು ಮೀನಿಗೆ ಎಂತ ಕೆಲಸ?"

ಮಗಳು ಫ್ರಿಜ್ಜಿನ ಬಾಗಿಲು ಹಾಕಿದಳು. ಚೀಲ ಕೊಡಿಸಲಿಲ್ಲ.

ನಾನು ಉಡುಪಿ ಕಡೆಯ ಕಡಲಕರೆಯವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ, ತಲೆಗೆ ಬುಟ್ಟಿ ಬಂತು. ಹಸಿಮೀನು ಮಾರಿದೆ. ಉಳಿದದ್ದಕ್ಕೆ ಉಪ್ಪು ಹಾಕಿ ಒಣಗಿಸಿ, ದೋಣಿ ಕಡಲಿಗಿಳಿಯದ ಮಳೆಗಾಲದಲ್ಲಿ ಅದನ್ನು ಮಾರಿದೆ. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳು ಓದಿದ್ದು ಆ ಬುಟ್ಟಿಯಲ್ಲಿ. ಮಗ ಸಿಡ್ನಿಯಲ್ಲಿ, ಎಪ್ಪಿಂಗಿನ ಫ್ಲ್ಯಾಟಿನಲ್ಲಿ. ಮಗಳು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ನಾನು ನಿಂತದ್ದು ಮಗಳ ಮನೆಯಲ್ಲಿ. ನಮ್ಮಲ್ಲಿ ಕುಟುಂಬ ನಡೆಯುವುದು ಹೆಣ್ಣಿನ ಕಡೆಯಿಂದ. ತಾಯಿ ಮಗಳ ಜೊತೆ ಇರುವುದೇ ಕ್ರಮ. ಮಗನಿಗೆ ಅದು ಮರೆತುಹೋಗಿತ್ತು. ಅವನ ಆಫೀಸಿನ ಬೆಂಗಳೂರಿನವರ ತಾಯಂದಿರೆಲ್ಲ ಗಂಡುಮಕ್ಕಳ ಮನೆಯಲ್ಲಿದ್ದರು. ತನ್ನ ತಾಯಿ ಮಾತ್ರ ಅಳಿಯನ ಮನೆಯಲ್ಲಿ ಅಂತ ಅವನಿಗೆ ನಾಚಿಕೆ. ನಾವು ಮನೆಯಲ್ಲಿ ಆಡುವುದು ತುಳು. ಓದುವವರಿಗಾಗಿ ಇಲ್ಲಿ ಎಲ್ಲವನ್ನೂ ಕನ್ನಡ ಮಾಡಿದ್ದೇನೆ.

ಮಗಳ ಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ಬಟ್ಟೆಗೆ ಒಂದು ಮೆಷಿನ್, ಪಾತ್ರೆಗೆ ಇನ್ನೊಂದು. ಕೂತು ತಿಂದ ಅನ್ನ ನನಗೆ ಇಳಿಯುವುದಿಲ್ಲ. ಇದು ದೊಡ್ಡಸ್ತಿಕೆಯಲ್ಲ, ಅಭ್ಯಾಸ.

ಇಲ್ಲಿ ಬೇಸಿಗೆಯಲ್ಲಿ ಬರುವ ಕ್ರಿಸ್ಮಸ್ ರಜೆಯಲ್ಲಿ ಅಳಿಯ ಕಾರನ್ನು ಹಡಗಿಗೆ ಹತ್ತಿಸಿ ನಮ್ಮನ್ನು ಟಾಸ್ಮೇನಿಯಾಕ್ಕೆ ಕರೆದುಕೊಂಡು ಹೋದ. ದ್ವೀಪ ಅಂದದ್ದಕ್ಕೆ ನಮ್ಮ ಹೊಳೆ ನಡುವಿನ ಕುದ್ರುವಿನಷ್ಟಿರಬೇಕು ಅಂದುಕೊಂಡಿದ್ದೆ. ಅದೊಂದು ರಾಜ್ಯವೇ. ಸೇಬಿನ ತೋಟ, ಹಾಲಿನ ದನ, ಕಡಲಲ್ಲಿ ಬಲೆಯ ಗೂಡು ಕಟ್ಟಿ ಸಾಕುವ ಮೀನು. ಮಗಳು, ಅಳಿಯ ಫೋಟೋ ತೆಗೆದರು. ನಾನು ಯಾರು ಎಂತ ಮಾರುತ್ತಾರೆ, ಎಂತ ಬಿಸಾಡುತ್ತಾರೆ ಅಂತ ನೋಡಿದೆ. ಬಂಗುಡೆಯ ತಮ್ಮನಂಥ ಒಂದು ಮೀನು ಅಲ್ಲಿ ರಾಶಿ ಬೀಳುತ್ತಿತ್ತು. ಅದನ್ನು ಹುಡಿ ಮಾಡಿ ಸಾಕಿದ ಮೀನಿಗೆ ಹಾಕುತ್ತಿದ್ದರು. ಮನುಷ್ಯರು ಮುಟ್ಟುತ್ತಿರಲಿಲ್ಲ.

ಪಡುವಣ ಕರೆಯಲ್ಲಿ ಒಬ್ಬ ಮುದುಕ ಕಡಲಪಾಚಿಯನ್ನು ಎಳೆದು ತಂದು ಮರದ ಗಳಗಳಿಗೆ ನೇತುಹಾಕುತ್ತಿದ್ದ. ದನದ ಚರ್ಮದಷ್ಟು ದಪ್ಪದ ಪಾಚಿ. ಒಣಗಿಸಿ ಕಂಪನಿಗೆ ಕೊಡುತ್ತಾನಂತೆ. ಆವತ್ತು ಬಿಸಿಲೇ ಇರಲಿಲ್ಲ. ನಿಂತವರನ್ನು ದೂಡುವ ಗಾಳಿ ಮಾತ್ರ. ಆದರೂ ಹಿಂದಿನ ಸಾಲಿನ ಪಾಚಿ ಒಣಗಿ ಕಟಕಟ ಅನ್ನುತ್ತಿತ್ತು. ನಾನು ಮುಟ್ಟಿ ನೋಡಿದೆ, ಮೂಸಿ ನೋಡಿದೆ.

ಮುದುಕ ಏನೋ ಕೇಳಿದ. "ನೀವು ಟೂರಿಸ್ಟಾ ಅಂತ ಕೇಳ್ತಿದ್ದಾರೆ," ಎಂದಳು ಮಗಳು.

"ಅಲ್ಲ, ಮೀನಿನವಳು ಅಂತ ಹೇಳು. ಆ ಖಾಲಿ ಗಳ ಬಾಡಿಗೆಗೆ ಕೊಡ್ತಾನಾ ಕೇಳು."

"ಅಮ್ಮಾ!"

"ಕೇಳು ಅಂದೆ."

ಮುದುಕ ನಕ್ಕ. ಕೊಟ್ಟ. ಪರ್ಮಿಟ್ಟು, ತಪಾಸಣೆಯವರು ಎಲ್ಲ ಅಳಿಯನ ಪಾಲಿಗೆ ಬಂತು. ಅವನು ಬೈದುಕೊಂಡೇ ಮಾಡಿಕೊಟ್ಟ. ರಜೆ ಮುಗಿದ ಮೇಲೂ ಮಗಳು ನನ್ನ ಜೊತೆ ಅಲ್ಲೇ ನಿಂತಳು. ಬೇಸಿಗೆ ಮುಗಿಯುವುದರೊಳಗೆ ಆ ಬಂಗುಡೆಯ ತಮ್ಮನನ್ನು ಕೊಂಡು ಸೀಳಿ, ಉಪ್ಪು ಹಾಕಿ, ಆ ಗಾಳಿಯಲ್ಲಿ ಒಣಗಿಸಿದೆ. ನೊಣವಿಲ್ಲ, ಹುಳವಿಲ್ಲ. ಊರಿನ ಬಿಸಿಲೂ ಅಷ್ಟು ಚಂದ ಒಣಗಿಸುವುದಿಲ್ಲ.

ಸುದ್ದಿ ಸಿಡ್ನಿಗೆ ಮುಟ್ಟಿತು. ಮಗ ಫೋನ್ ಮಾಡಿದ.

"ಅಮ್ಮ, ಜನ ಎಂತ ಹೇಳ್ತಾರೆ? ಮಗ ಮ್ಯಾಕ್ವೆರಿ ಪಾರ್ಕಿನ ಕಂಪನಿಯಲ್ಲಿ ಮ್ಯಾನೇಜರು, ತಾಯಿ ಒಣಮೀನು ಮಾರುದು!"

"ನೀನು ಮ್ಯಾನೇಜರ್ ಆದದ್ದು ನಾನು ಎಂತ ಮಾರಿ? ಮಲ್ಲಿಗೆಯಾ?"

ಆಗ ಅವನು ಒಂದು ಷರತ್ತು ಹಾಕಿದ. ಊರಲ್ಲಿ ಮಳೆಗೆ ಒಣಮೀನೇ ಗತಿಯಾಗುವ, ಜುಲೈ ನಡುವೆ ಬರುವ ಆಟಿ ತಿಂಗಳಿಗೆ ಮೊದಲು ಮೀನನ್ನು ಸಿಡ್ನಿಗೆ ತರಬೇಕು. ಒಂದು ಭಾನುವಾರ ಅಲ್ಲಿಯ ತುಳುವರನ್ನು ಅವನೇ ಮನೆಗೆ ಕರೆಯುತ್ತಾನೆ. ಅವರು ತೆಗೆದುಕೊಂಡರೆ ನನ್ನ ವ್ಯಾಪಾರ ನನಗೆ. ತೆಗೆದುಕೊಳ್ಳದಿದ್ದರೆ ನಾನು ಎಪ್ಪಿಂಗಿಗೆ ಬಂದು ಅವನ ಮನೆಯಲ್ಲಿ ಇರಬೇಕು, ಮೀನಿನ ಸುದ್ದಿ ಎತ್ತಬಾರದು. ಆಗಲಿ ಅಂದೆ. ಒಣಮೀನು ಕಂಡು ಬೇಡ ಅನ್ನುವ ತುಳುವನನ್ನು ನಾನು ನೋಡಿರಲಿಲ್ಲ.

ಮಗಳಿಗೆ ರಜೆ ಸಿಗಲಿಲ್ಲ, ಅಳಿಯನೂ ನಾನೂ ಅವನ ಕಾರಿನಲ್ಲಿ, ಗ್ಲಾಸು ಇಳಿಸಿಕೊಂಡು, ಸಿಡ್ನಿಗೆ ಹೋದೆವು. ಭಾನುವಾರ ಬೆಳಿಗ್ಗೆ ಸೊಸೆ ಮಕ್ಕಳನ್ನು ಈಜಿಗೆ ಕರೆದುಕೊಂಡು ಹೋದಳು, ಮಗ ಮತ್ತು ಅಳಿಯ ಅಂಗಡಿಗೆ ಹೋದರು. ನಾನು ಸ್ಟವ್ ಹಚ್ಚಿದೆ. ಒಣಮೀನು ಮಾರುವವಳು ಗಿರಾಕಿಯ ಕೈಗೆ ಸುಟ್ಟ ತುಂಡೊಂದನ್ನು ಕೊಡಬೇಕು. ಬಾಯಿಗೆ ಹಾಕದೆ ನಮ್ಮ ಕಡೆ ಯಾರೂ ಕೊಳ್ಳುವುದಿಲ್ಲ. ಕೆಂಡವಿರಲಿಲ್ಲ, ಕರೆಂಟಿನ ಒಲೆಯ ಕೆಂಪು ಸುರುಳಿಯ ಮೇಲೆಯೇ ಮೀನಿಟ್ಟೆ.

ಹೊಗೆ ಎದ್ದಿತು. ಒಣಮೀನು ಸುಟ್ಟರೆ ಹೊಗೆ ಏಳದೆ ಇನ್ನೇನು? ಮೇಲೆ ಮಾಡಿನಲ್ಲಿ ಏನೋ ಕಿರುಚತೊಡಗಿತು. ಪೊರಕೆಯ ಹಿಡಿಯಿಂದ ಒಂದು ಕೊಟ್ಟೆ, ನಿಲ್ಲಲಿಲ್ಲ. ಹೊಗೆ ಹೋಗಲಿ ಅಂತ ಮನೆಯ ಬಾಗಿಲನ್ನು ಪೂರ್ತಿ ತೆರೆದೆ. ಅದೇ ತಪ್ಪಾದದ್ದು. ಕಿಟಕಿ ತೆರೆಯಬೇಕಂತೆ. ಹೊಗೆ ಫ್ಲ್ಯಾಟುಗಳ ನಡುವಿನ ಓಣಿಗೆ ಹೋದದ್ದೇ, ಇಡೀ ಬಿಲ್ಡಿಂಗ್ ಕಿರುಚಿತು.

ಎಲ್ಲರೂ ಕೆಳಗಿಳಿದು ಫುಟ್‌ಪಾತಿನಲ್ಲಿ ನಿಂತರು. ಬೆಂಕಿ ನಂದಿಸುವ ಗಾಡಿ ಬಂತು. ಅದರ ಹಿಂದೆಯೇ ಮಗನ ಕಾರು. ಹಿಂದೆಯೇ ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ನಾನು ಮೀನಿನ ತಟ್ಟೆ ಹಿಡಿದುಕೊಂಡೇ ಇಳಿದಿದ್ದೆ. ಬೆಂಕಿಯವನೊಬ್ಬ ತಟ್ಟೆ ನೋಡಿ ಏನೋ ಅಂದ, ಸುತ್ತಲಿನವರೆಲ್ಲ ನಕ್ಕರು. ಮಗ ಅದನ್ನು ಕನ್ನಡದಲ್ಲೂ ಹೇಳಲಿಲ್ಲ, ತುಳುವಿನಲ್ಲೂ ಹೇಳಲಿಲ್ಲ.

"ಸಾಕಾ ಅಮ್ಮ? ಈಗ ಸಾಕಾ?" ಅಂದ.

ಅಷ್ಟರಲ್ಲಿ ನೈಟಿಯ ಮೇಲೆ ಕೋಟು ಹಾಕಿಕೊಂಡ ಒಬ್ಬಳು ಮೂರನೇ ಮಾಳಿಗೆಯವಳು ಹತ್ತಿರ ಬಂದಳು. "ಆಂಟಿ, ಒಣ ಬಂಗುಡೆ ಅಲ್ವಾ ಅದು?"

"ಬಂಗುಡೆಯ ತಮ್ಮ. ನಿನಗೆ ಹೇಗೆ ಗೊತ್ತು?"

"ನಂದು ಮಲ್ಪೆ. ಮೂಗು ಎಲ್ಲಿ ಹೋಗ್ತದೆ?" ಒಂದು ತುಂಡು ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿದಳು. ಉಳಿದವರೂ ಕೈ ಹಾಕಿದರು. ತಟ್ಟೆ ಅಲ್ಲೇ ಖಾಲಿಯಾಯಿತು.

"ಎಷ್ಟು ಕಟ್ಟಿ ಕೊಡಲಿ?" ಅಂದೆ.

ಎಲ್ಲರೂ ಬೆರಳು ಒರೆಸಿಕೊಂಡರು. ಆ ಮಲ್ಪೆಯವಳೇ ಹೇಳಿದಳು: "ಬೇಡ ಆಂಟಿ. ಅಮ್ಮ ಕಳಿಸಿದ್ದೇ ಫ್ರೀಜರಲ್ಲಿ ಬಿದ್ದುಕೊಂಡುಂಟು. ಸುಡ್ಲಿಕ್ಕೆ ಧೈರ್ಯ ಇಲ್ಲ. ಸುಟ್ಟರೆ ಹೀಗೇ." ಗಾಡಿಯ ಕಡೆ ಕೈ ತೋರಿಸಿದಳು. ಉಳಿದವರೂ ಅದನ್ನೇ ಹೇಳಿದರು. ಎಲ್ಲರದ್ದೂ ಫ್ಲ್ಯಾಟು, ಎಲ್ಲರ ಮಾಡಿನಲ್ಲೂ ಆ ಕಿರುಚುವ ಡಬ್ಬಿ.

"ನೋಡಿದಿಯಾ?" ಅಂದ ಮಗ. ಅವನ ಮುಖದಲ್ಲಿ ಗೆದ್ದ ಕಳೆ ಇತ್ತು. "ನಾಳೆ ಮೆಲ್ಬರ್ನಿಂದ ನಿನ್ನ ಬಟ್ಟೆ ತರಿಸ್ತೇನೆ."

ನಾನು ಅವನ ಕಡೆ ತಿರುಗಲಿಲ್ಲ. ಗಿರಾಕಿ ಎದುರಿಗಿದ್ದಾಗ ಮಕ್ಕಳ ಜೊತೆ ಮಾತಾಡುವ ಅಭ್ಯಾಸ ನನಗಿಲ್ಲ. "ನಾನೇ ಸುಟ್ಟು, ಒಣಮೆಣಸು, ಹುಳಿ, ಕೊಬ್ಬರಿ ಹಾಕಿ ಹುಡಿ ಮಾಡಿ ಬಾಟ್ಲಿಯಲ್ಲಿ ಕೊಟ್ಟರೆ? ಗಂಜಿಗೆ ಕಲಸಿಕೊಂಡು ಉಂಡರೆ ಆಯಿತು. ಹೊಗೆ ಇಲ್ಲ, ಗಾಡಿ ಇಲ್ಲ."

"ಆಟಿಗೆ ಕೊಡ್ತೀರಾ?" ಕೇಳಿದಳು ಮಲ್ಪೆಯವಳು.

"ಕೊಡ್ತೇನೆ."

ಒಬ್ಬೊಬ್ಬರೂ ತಮಗೆ ಎಷ್ಟು ಬಾಟ್ಲಿ ಬೇಕೆಂದು ಹೇಳಿದರು. ಆಫೀಸಿನ ಗೆಳೆಯರಿಗೂ ಸೇರಿಸಿ ಹೇಳಿದರು. ಅಳಿಯ ಸಿಗರೇಟ್ ಪ್ಯಾಕಿನ ಮೇಲೆ ಬರೆದುಕೊಂಡ.

ಮಗನಿಗೆ ಸಿಟ್ಟು ಬಂತು. "ಇದು ಮೋಸ. ಮೀನು ಹೋಗ್ಲಿಲ್ಲ. ಒಪ್ಪಿಕೊಂಡದ್ದು ನೀನೇ."

"ಮೀನು ಹೋಗ್ಲಿಲ್ಲ, ಹೌದು. ಆದ್ದರಿಂದ ಮೀನು ಮಾರುದಿಲ್ಲ. ಚಟ್ನಿ ಮಾರ್ತೇನೆ."

"ಎಲ್ಲಿ ಸುಡ್ತಿ? ಅಕ್ಕನ ಮನೆಯಲ್ಲಾ?"

ಅದೂ ಆಗದ ಮಾತು. ಗ್ಲೆನ್ ವೇವರ್ಲಿಯಲ್ಲೂ ಅಕ್ಕಪಕ್ಕದವರಿಗೆ ಮೂಗಿದೆ. ಸುಡುವುದಾದರೆ ಆ ದ್ವೀಪದಲ್ಲೇ ಸುಡಬೇಕು. ಪಾಚಿ ಮುದುಕನ ತಗಡಿನ ಶೆಡ್ಡು ಉಂಟು, ಹೊಗೆಯನ್ನು ಕಡಲಿಗೆ ಒಯ್ಯುವ ಗಾಳಿ ಉಂಟು. ಅಂದರೆ ಚಳಿಗಾಲದಲ್ಲಿ ಮಗಳನ್ನೂ ಬಿಟ್ಟು ನಾನೊಬ್ಬಳೇ ಹೋಗಬೇಕು. ಇದು ನನಗೆ ಫುಟ್‌ಪಾತಿನಲ್ಲೇ ಗೊತ್ತಾಯಿತು. ಖುಷಿಯಾಗಲಿಲ್ಲ. ಆದರೂ ಹೋಗುವುದೆಂದು ನಿಶ್ಚಯಿಸಿದೆ.

"ಅಲ್ಲಿ ನಿನ್ನ ಹತ್ತಿರ ಒಂದು ಮಾತಾಡ್ಲಿಕ್ಕೆ ಯಾರಿದ್ದಾರೆ?" ಮಗನ ದನಿ ಸ್ವಲ್ಪ ಇಳಿದಿತ್ತು.

"ಇಲ್ಲಿ ಯಾರಿದ್ದಾರೆ? ನೀನು ಆಫೀಸು, ಮಕ್ಕಳು ಇಂಗ್ಲಿಷು."

ಜೂನಿನಲ್ಲಿ ಹೋದೆ. ಚಳಿಗೆ ಬೆರಳು ಮಡಚಲು ಬರುತ್ತಿರಲಿಲ್ಲ, ಒಲೆಯ ಹತ್ತಿರ ಮಾತ್ರ ಬರುತ್ತಿತ್ತು. ಮುದುಕ ಕಟ್ಟಿಗೆ ಒಡೆದು ಕೊಟ್ಟ. ಸೇಬಿನ ಕೆಲಸ ಮುಗಿದು ಸುಮ್ಮನೆ ಕೂತಿದ್ದ ಇಬ್ಬರು ಊರ ಹೆಂಗಸರು ಬಾಟ್ಲಿ ತುಂಬಿಸಲು ಬಂದರು. ಮೊದಲ ದಿನ ಮೂಗು ಮುಚ್ಚಿಕೊಂಡರು, ಆಮೇಲೆ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು. ನನ್ನ ಮಾತು ಅವರಿಗೆ ಗೊತ್ತಿಲ್ಲ, ಅವರದು ನನಗೆ ಗೊತ್ತಿಲ್ಲ. ಕೆಲಸ ನಿಲ್ಲಲಿಲ್ಲ.

ಬಾಟ್ಲಿಗಳು ಆಟಿಗೆ ಮೊದಲೇ ಸಿಡ್ನಿ ಮುಟ್ಟಿದವು. ಒಂದೂ ಹಿಂದೆ ಬರಲಿಲ್ಲ. ಆ ಆಟಿಯಲ್ಲಿ ಮಗ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಎರಡನೇ ಸಲದ ಮೀನು ಒಲೆಯ ಮೇಲಿತ್ತು, ಕೈ ಖಾಲಿ ಇರಲಿಲ್ಲ.