ಮಗಳ ತಲೆಯ ಮೇಲಿನ ಆಣೆ

ಬೇರೆಯವರ ಮನೆಯ ಜಗಳ ಕೇಳುವುದೇ ನನ್ನ ಉದ್ಯೋಗ. ಬೈಲಹೊಂಗಲದಿಂದ ಬೆಳಗಿನ ಬಸ್ಸು ಹಿಡಿದು ಸವದತ್ತಿಗೆ ಬಂದು, ಎರಡು ಟೇಬಲ್ಲು, ಒಂದು ಉದ್ದನೆಯ ಬೆಂಚು ಇರುವ ಕೋಣೆಯಲ್ಲಿ ಕೂತರೆ ಸಂಜೆಯವರೆಗೆ ಅದೇ ಕಥೆ: ಗಂಡ ಕುಡಿಯುತ್ತಾನೆ, ಹೊಡೆಯುತ್ತಾನೆ. ಕಾಗದದಲ್ಲಿ ನನ್ನ ಹುದ್ದೆ ಆಪ್ತ ಸಮಾಲೋಚಕಿ. ಹೆಂಗಸರು ಅಕ್ಕಾರು ಅನ್ನುತ್ತಾರೆ. ಅವರ ಗಂಡಂದಿರು ನನ್ನ ಬೆನ್ನ ಹಿಂದೆ ಇಟ್ಟ ಹೆಸರು ಬೇರೆಯೇ ಇದೆ, ಅದನ್ನು ಇಲ್ಲಿ ಬರೆಯುವುದು ಬೇಡ.

ನನಗೆ ಸಿಟ್ಟು ಬೇಗ ಬರುತ್ತದೆ. ತರಬೇತಿಗೆ ಹೋದಾಗಲೆಲ್ಲ ಸಮಾಧಾನದಿಂದ ಕೇಳಿಸಿಕೊಳ್ಳಿ, ನೀವಾಗಿ ಏನನ್ನೂ ಹೇರಬೇಡಿ ಅಂತ ಹೇಳಿಕೊಡುತ್ತಾರೆ. ಊದಿಕೊಂಡ ಮುಖ ಎದುರಿಗೆ ಕೂತಿರುವಾಗ ಸಮಾಧಾನ ಎಲ್ಲಿಂದ ತರುವುದು? ನಾನು ಗಂಡನನ್ನು ಕರೆಸುತ್ತಿದ್ದೆ, ಬೆವರಿಳಿಸುತ್ತಿದ್ದೆ, ಇನ್ನು ಕುಡಿಯುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದೆ. ಮುಚ್ಚಳಿಕೆಗೆ ಯಾರೂ ಹೆದರಲಿಲ್ಲ. ಯಲ್ಲಮ್ಮನ ಭಂಡಾರ ಮುಟ್ಟಿಸಿ ನೋಡಿದೆ. ಹಣೆತುಂಬ ಅರಿಶಿನ ಬಳಿದುಕೊಂಡು ಹೋದವನೊಬ್ಬ ವಾರದೊಳಗೆ ಬಸ್‌ಸ್ಟ್ಯಾಂಡಿನ ಹತ್ತಿರ ತೂರಾಡುತ್ತ ನನಗೇ ನಮಸ್ಕಾರ ಹೇಳಿದ.

ಆಮೇಲೆ ನಾನೇ ಒಂದು ಉಪಾಯ ಕಂಡುಕೊಂಡೆ. ನಮ್ಮ ಕಡೆ ಎಂಥ ಪುಂಡನೂ ಒಂದು ಆಣೆ ಮಾಡಲು ಹಿಂದೆಮುಂದೆ ನೋಡುತ್ತಾನೆ. ಹೆತ್ತ ಮಗುವಿನ ತಲೆ ಮುಟ್ಟಿ ಮಾಡುವ ಆಣೆ ಅದು. ಮುರಿದರೆ ಮಗು ಉಳಿಯುವುದಿಲ್ಲ ಅನ್ನುವ ನಂಬಿಕೆ. ಒಂದಿಬ್ಬರು ಅದಕ್ಕೆ ಅಂಜಿ ನಿಜವಾಗಿಯೂ ಕುಡಿತ ಬಿಟ್ಟರು. ನನಗೆ ತಲೆ ತಿರುಗಲು ಅಷ್ಟು ಸಾಕಾಯಿತು.

ಮುನವಳ್ಳಿಯ ಆ ಹೆಣ್ಣುಮಗಳು ನನ್ನ ಹತ್ತಿರ ಬಂದದ್ದು ಆ ದಿನಗಳಲ್ಲೇ. ಮನೆಯಲ್ಲಿ ಕೂತು ಊರ ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಗಂಡನದು ಗೌಂಡಿ ಕೆಲಸ, ಮನೆ ಕಟ್ಟುವುದು. ಕುಡಿಯದಿದ್ದಾಗ ಮೆತ್ತಗಿನ ಮನುಷ್ಯ, ಕುಡಿದರೆ ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದ. ಒಬ್ಬಳೇ ಮಗಳು, ಮೂರನೇ ಇಯತ್ತೆ ಓದುತ್ತಿದ್ದಳು. ಮೂರು ಸಲ ಹೆಂಡತಿಯೊಬ್ಬಳೇ ಬಂದು ಅತ್ತು ಹೋದಳು. ನಾಲ್ಕನೇ ಸಲ ನಾನು ಮೂವರನ್ನೂ ಕರೆಸಿದೆ.

ಅವತ್ತಿನ ಮಾತು ಒಂದೂ ಮರೆತಿಲ್ಲ. ಮಗಳನ್ನು ಬೆಂಚಿನಿಂದ ಎಬ್ಬಿಸಿ ಅಪ್ಪನ ಮುಂದೆ ನಿಲ್ಲಿಸಿದೆ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು. ತಾಯಿ ನನ್ನ ಸೀರೆಯ ಸೆರಗು ಹಿಡಿದು ಸಣ್ಣ ದನಿಯಲ್ಲಿ, "ಅಕ್ಕಾರ, ಹುಡಿಗಿ ಮ್ಯಾಲ ಬ್ಯಾಡ್ರಿ. ಬೇಕಂದ್ರ ನನ್ನ ಮ್ಯಾಲ ಹಾಕಸ್ರಿ," ಅಂದಳು.

"ನೀ ಸುಮ್ಮನಿರು ತಂಗೀ," ಅಂದೆ. "ನಿನ್ನ ಮ್ಯಾಲ ಹಾಕಿದ್ರ ಅಂವ ಯಾಕ ಅಂಜ್ತಾನ?"

ಅವನು ಕೈಯಿಟ್ಟ. ಇನ್ನು ಕುಡಿದರೆ ನನ್ನ ಮಗಳು ನನಗೆ ದಕ್ಕಬಾರದು ಅಂತ ಹೇಳಿಸಿದೆ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಹುಡುಗಿ ಅಲುಗಾಡದೆ ನಿಂತಿದ್ದಳು, ಸಾಲೆಯ ಪ್ರಾರ್ಥನೆಗೆ ನಿಂತ ಹಾಗೆ.

ಆಮೇಲೆ ನಾನು ತಿಂಗಳಿಗೊಮ್ಮೆ ಫೋನು ಮಾಡಿ ಕೇಳುತ್ತಿದ್ದೆ. ಹೆಂಡತಿಯ ಉತ್ತರ ಒಂದೇ: ಬಿಟ್ಟಾರ್ರಿ, ಆರಾಮ ಅದೇವ್ರಿ. ನನಗೋ ಹಿಗ್ಗು. ಕಿತ್ತೂರಿನಲ್ಲಿ ನಮ್ಮಂಥ ಕೆಲಸದವರೆಲ್ಲ ಸೇರಿದ್ದಾಗ ಎದ್ದು ನಿಂತು, ಜನರ ನಂಬಿಕೆಯನ್ನೇ ಹಿಡಿದು ಕೆಲಸ ಮಾಡಬೇಕು ನೋಡಿ, ಅಂತ ಈ ಮನೆಯ ಕಥೆ ಹೇಳಿದೆ. ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನೆದರೆ ಈಗಲೂ ಮೈ ಮುದುಡುತ್ತದೆ.

ಏಳೆಂಟು ತಿಂಗಳಾದ ಮೇಲೆ ಸವದತ್ತಿಯ ಸಂತೆಯಲ್ಲಿ ಅವಳೇ ಕಣ್ಣಿಗೆ ಬಿದ್ದಳು. ಬಲಗೈಗೆ ಪಟ್ಟಿ ಕಟ್ಟಿತ್ತು, ಬೆರಳುಗಳು ಊದಿದ್ದವು. ಕೇಳಿದರೆ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಜಾರಿ ಬಿದ್ದೆ ಅಂದಳು. ಅವನು ಮತ್ತೆ ಕುಡಿಯುತ್ತಿದ್ದಾನಾ ಅಂದೆ. ಇಲ್ಲ ಇಲ್ಲ ಅಂತ ಮೂರು ಸಲ ಅಂದಳು, ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಅಂತ ನೋಡಿದಳು. ಕಾಲುವೆಗೆ ನೀರು ಬಿಟ್ಟು ಯಾವ ಕಾಲವಾಗಿತ್ತೋ.

ಮರುದಿನ ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಅವನು ಬಾಯಿ ತೆರೆದುಕೊಂಡು ಮಲಗಿದ್ದ. ವಾಸನೆ ಬಾಗಿಲಿಗೇ ಬಂತು. ಅವಳು ಅಡ್ಡ ಬಂದು ನಿಂತು, ಅವರಿಗೆ ಜ್ವರ ಬಂದಾವ್ರಿ, ಅಂದಳು. ಹೊಲಿಗೆ ಮಶೀನಿನ ಮೇಲೆ ಅರ್ಧ ಹೊಲಿದ ಜಂಪರ್ ಧೂಳು ಹಿಡಿದಿತ್ತು. ನಾನು ದನಿ ಏರಿಸಿದೆ: ನನ್ನ ಮುಂದೆ ಯಾಕೆ ಸುಳ್ಳು, ಒಂದು ಮಾತು ಹೇಳಿದ್ದರೆ ಕೈ ಮುರಿಸಿಕೊಳ್ಳುವುದು ತಪ್ಪುತ್ತಿರಲಿಲ್ಲವಾ. ಅವಳು ನೆಲ ನೋಡುತ್ತ, ಅವರು ಕುಡಿದಿಲ್ಲ ಅಂತಲೇ ಅನ್ನುತ್ತಿದ್ದಳು. ಸಿಟ್ಟಿನಿಂದ ಹೊರಗೆ ಬಂದುಬಿಟ್ಟೆ.

ಬಸ್ಸಿನ ರಸ್ತೆಯವರೆಗೆ ಕಳಿಸಿ ಬಾ ಅಂತ ಮಗಳನ್ನು ನನ್ನ ಜೊತೆ ಕಳಿಸಿದ್ದಳು. ಹುಡುಗಿ ಸೊರಗಿದ್ದಳು. ಸಾಲೆಗೆ ಯಾಕೆ ಹೋಗಿಲ್ಲ ಅಂದರೆ ಹೆಜ್ಜೆ ಜೋರು ಮಾಡಿದಳು. ಬೇವಿನ ಗಿಡದ ನೆರಳಿಗೆ ಬಂದಮೇಲೆ ಅವಳೇ ನಿಂತು ಕೇಳಿದಳು.

"ಅಕ್ಕಾರ, ನಾ ಯಾವಾಗ ಸಾಯೂದ್ರಿ?"

ಅವಳೇ ಮುಂದುವರಿಸಿದಳು. ಆಣೆ ಹಾಕಿದ ನಾಲ್ಕನೇ ದಿನವೇ ಅಪ್ಪ ಕುಡಿದದ್ದನ್ನು ಅವಳು ನೋಡಿದ್ದಳು. ಅವ್ವನಿಗೆ ಹೇಳಲಿಲ್ಲ, ಹೇಳಿದರೆ ಅವ್ವ ಅಳುತ್ತಾಳೆ. ಅವ್ವನೂ ಅವಳಿಗೆ ಹೇಳಲಿಲ್ಲ. ಅಪ್ಪ ತೂರಾಡುತ್ತ ಬಂದಾಗಲೆಲ್ಲ ಅವ್ವ ಜ್ವರ ಅನ್ನುತ್ತಿದ್ದಳು, ಮಗಳು ಹೂಂ ಅನ್ನುತ್ತಿದ್ದಳು. ನೆಗಡಿಯಾದರೂ ಸಾಕು, ಸಾಯುವುದು ಇವತ್ತೇ ಇರಬೇಕು ಅಂತ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳಂತೆ.

ಮಂಡಿಯೂರಿ ಕೂತು ಅವಳ ಕೈ ಹಿಡಿದುಕೊಂಡೆ. ಆಣೆಗೀಣೆ ಎಲ್ಲ ಸುಳ್ಳು, ಅದರಿಂದ ಯಾರೂ ಸಾಯುವುದಿಲ್ಲ ಅಂತ ಎಷ್ಟು ಬಗೆಯಲ್ಲಿ ಹೇಳಿದೆನೋ. ಹುಡುಗಿ ಎಲ್ಲ ಕೇಳಿಸಿಕೊಂಡಳು.

"ಸುಳ್ಳಿದ್ರ, ಅಪ್ಪನ ಕೈಲೆ ಯಾಕ ಹಾಕಿಸಿದ್ರಿ?" ಅಂದಳು.

ಬಸ್ಸು ಬಂತು, ಹೋಯಿತು. ನಾನು ಹುಡುಗಿಯನ್ನು ಕರೆದುಕೊಂಡು ಮನೆಗೆ ತಿರುಗಿ ಬಂದೆ. ತಾಯಿಯನ್ನು ಹಿತ್ತಲಿಗೆ ಕರೆದು, ಮಗಳಿಗೆ ಎಲ್ಲ ಗೊತ್ತಿದೆ ಅಂತ ಹೇಳಿದೆ. ಅವಳು ಬಚ್ಚಲಕಲ್ಲಿನ ಮೇಲೆ ಕುಸಿದು ಕೂತಳು. ಅಳು ಕೇಳಿಸಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಗ ನನಗೆ ಪೂರ್ತಿ ತಿಳಿಯಿತು. ಗಂಡ ಕುಡಿದ ಅಂತ ಬಾಯಿಬಿಟ್ಟು ಅಂದರೆ ಆಣೆ ಮುರಿದದ್ದು ಖರೆ ಆಗುತ್ತದೆ, ಮಗಳ ತಲೆಗೆ ಬರುತ್ತದೆ. ಅದಕ್ಕೇ ಅವಳು ಏಟು ತಿಂದು ಬಾಯಿ ಮುಚ್ಚಿಕೊಂಡಿದ್ದಳು, ಕೈ ಮುರಿದರೂ. ಅವನನ್ನು ಕಟ್ಟಿಹಾಕಲು ನಾನು ಹೂಡಿದ ಆಣೆ ಅವನನ್ನು ಬಿಟ್ಟು ಇವರಿಬ್ಬರನ್ನು ಕಟ್ಟಿತ್ತು. ಆ ತಾಯಿ ಬೇಡ ಅಂದಿದ್ದಳು. ನಾನೇ ಸುಮ್ಮನಿರು ಅಂದಿದ್ದೆ.

ತಪ್ಪು ನನ್ನದು ಅಂದೆ. ಕೈ ಮುಗಿದೆ. ಅವಳು ನನ್ನ ಕೈ ಬಿಡಿಸಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ರಾಮದುರ್ಗದ ಕಡೆ ಅವಳ ತವರಿದೆ, ತಾಯಿ, ಅಣ್ಣ ಇದ್ದಾರೆ. ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗು, ಅದಕ್ಕೂ ಮುಂಚೆ ಪೊಲೀಸರಿಗೊಂದು ಅರ್ಜಿ ಕೊಡೋಣ, ಇಲ್ಲದಿದ್ದರೆ ಅವನು ಅಲ್ಲಿಗೂ ಬಂದು ಹೊಡೆಯುತ್ತಾನೆ ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕುಡಿತದ ಮಾತು ಬರೀಬ್ಯಾಡ್ರಿ ಅಕ್ಕಾರ," ಅಂದಳು. "ಹೊಡದಾರ ಅಂತ ಬರೀರಿ. ಹೊಡ್ಯಾಂಗಿಲ್ಲ ಅಂತ ನೀವು ಆಣಿ ಹಾಕಿಸಿಲ್ಲ."

ಹೌದು, ಹಾಕಿಸಿರಲಿಲ್ಲ. ಕುಡಿತ ಬಿಟ್ಟರೆ ಹೊಡೆತ ತಾನಾಗಿ ನಿಲ್ಲುತ್ತದೆ ಅಂತ ನನ್ನ ಲೆಕ್ಕವಿತ್ತು. ನಾನು ಹೇಳಿಸಲು ಮರೆತ ಆ ಒಂದು ಮಾತೇ ಅವಳಿಗೆ ಹೊರಬೀಳುವ ಕಿಂಡಿಯಾಯಿತು.

ಮರುದಿನ ತಾಯಿ, ಮಗಳು, ನಾನು ಮೂವರೂ ಠಾಣೆಗೆ ಹೋದೆವು. ಬರೆದುಕೊಳ್ಳಲು ಕೂತ ಪೊಲೀಸ್ ಹೆಣ್ಣುಮಗಳು ಒಳ್ಳೆಯವಳು, ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಎಲ್ಲ ಬರೆದುಕೊಂಡು, ಗಂಡ ಕುಡಿಯುತ್ತಾನಾ ಅಂತ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ ಅದು. ಕೇಸಿಗೆ ಅದರಿಂದ ಬಲ ಬರುತ್ತದೆ ಅನ್ನುವುದು ನನಗೆ ಗೊತ್ತಿತ್ತು.

ತಾಯಿ ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿದಳು. ಉತ್ತರ ಪೊಲೀಸಮ್ಮನಿಗೆ, ಹೇಳಿದ್ದು ಮಗಳಿಗೆ.

"ಇಲ್ರಿ. ನಮ್ಮ ಮನಿಯವ್ರು ಆವತ್ತಿಂದ ಇವತ್ತಿನ ತನಕಾ ಒಂದು ಹನಿ ಮುಟ್ಟಿಲ್ಲ."

ಹುಡುಗಿ ಅವ್ವನ ಮುಖವನ್ನೇ ನೋಡುತ್ತಿದ್ದಳು. ಅವಳು ನಂಬಲಿಲ್ಲ. ಅವ್ವನಿಗೋಸ್ಕರ, ನಂಬಿದವಳ ಹಾಗೆ ತಲೆಯಾಡಿಸಿದಳು.

ಹೌದೇನ್ರಿ ಮೇಡಂ ಅಂತ ಪೊಲೀಸಮ್ಮ ನನ್ನನ್ನು ಕೇಳಿದಳು. ಹೌದು ಅಂದೆ. ಸಾಕ್ಷಿ ಅಂತ ಇದ್ದ ಕಡೆ ಸಹಿ ಮಾಡಿದೆ.