ಫೈಲಿನಲ್ಲಿ ವಯಸ್ಸಾಗದ ಮನುಷ್ಯ

ನಮ್ಮ ಚಿಕ್ಕಮ್ಮನ ಬಾಯಿಗೆ ಹೆದರದವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಮೂವತ್ತು ವರ್ಷ ಅಲ್ಲಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು. ಟ್ಯೂಬಿನ ಮೇಲೆ ಚೀಟಿ ಓರೆಯಾಗಿ ಅಂಟಿಸಿದರೆ ಸಾಕು, ಅಂಟಿಸಿದವರ ಗ್ರಹಚಾರ ಬಿಡಿಸುತ್ತಿದ್ದಳು. ಎಲ್ಲರೂ ಅವಳನ್ನು ಸೂಜಿ ಮೇಡಂ ಎನ್ನುತ್ತಿದ್ದರು. ಮನೆಯಲ್ಲಿ ನಾವೂ ಹಾಗೇ ಅನ್ನುತ್ತಿದ್ದೆವು, ಅವಳು ಇಲ್ಲದಾಗ.

ಆ ವರ್ಷ ಲ್ಯಾಬಿಗೆ ಲಿವರ್ ಕ್ಯಾನ್ಸರನ್ನು ಬೇಗ ಪತ್ತೆಹಚ್ಚುವ ಹೊಸ ಲೆಕ್ಕವೊಂದು ಬಂತು. ರಕ್ತದಲ್ಲಿರುವ ಮೂರು ಪ್ರೋಟೀನುಗಳ ಪ್ರಮಾಣ, ರೋಗಿಯ ವಯಸ್ಸು, ಗಂಡೋ ಹೆಣ್ಣೋ ಎಂಬುದು, ಇಷ್ಟನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಒಂದು ಅಂಕ ಹೇಳುತ್ತಿತ್ತು. ಅಂಕ ಗೊತ್ತುಮಾಡಿದ ಗೆರೆ ದಾಟಿದರೆ, ಮಾಮೂಲಿ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಇನ್ನಷ್ಟು ಹುಡುಕಬೇಕು. ಮೊದಲ ವಾರ ಇದೇನು ಗಿಣಿಶಾಸ್ತ್ರ ಎಂದು ಮೂಗು ಮುರಿದ ಚಿಕ್ಕಮ್ಮ, ಎರಡನೆಯ ವಾರ ಅದನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ.

ಕಾರು ಕಲಿಸುವ ಮಾಸ್ತರರೊಬ್ಬರು ಅವಳ ಶಾಲೆಯ ಸಹಪಾಠಿ. ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾದಾಗಿನಿಂದ ಹನ್ನೆರಡು ವರ್ಷ, ಆರು ತಿಂಗಳಿಗೊಮ್ಮೆ ತಪ್ಪದೆ ತಪಾಸಣೆಗೆ ಬರುತ್ತಿದ್ದರು. ಹೊಸ ಲೆಕ್ಕ ಬಂದ ಮೇಲೆ ಮೊದಲ ಸಲ ಬಂದ ದಿನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ, ಅಂಕವೂ ಗೆರೆಗಿಂತ ಒಂದಿಷ್ಟು ಕೆಳಗೇ ಇತ್ತು. ಅವರು ನಿರಾಳವಾಗಿ ಮನೆಗೆ ಹೋದರು. ಸಹಿ ಹಾಕಲು ಪೆನ್ನೆತ್ತಿದ ಚಿಕ್ಕಮ್ಮನಿಗೆ ವರದಿಯಲ್ಲಿದ್ದ ವಯಸ್ಸು ಕಣ್ಣಿಗೆ ಬಿತ್ತು: ನಲವತ್ತಾರು. ತನಗೆ ಐವತ್ತೆಂಟಾಗಿರುವಾಗ ಒಂದೇ ಕ್ಲಾಸಿನವನಿಗೆ ನಲವತ್ತಾರು ಹೇಗಾಯಿತೆಂದು ಅವಳಿಗೆ ಮೈಯೆಲ್ಲ ಉರಿಯಿತು.

ತಪ್ಪು ಮಾಡಿದವರ ಜನ್ಮ ಜಾಲಾಡಲೆಂದೇ ಹಳೆಯ ಫೈಲು ತೆಗೆದಳು. ಹನ್ನೆರಡು ವರ್ಷದ ಚೀಟಿಗಳಲ್ಲೂ ನಲವತ್ತಾರೇ, ಅಷ್ಟೂ ಅವಳದೇ ಅಕ್ಷರ. ಮೊದಲ ದಿನ ಫೈಲಿನ ರಟ್ಟಿನ ಮೇಲೆ ಬರೆದುಕೊಂಡ ವಯಸ್ಸನ್ನೇ ಪ್ರತಿ ಸಲ ನೋಡಿ ಇಳಿಸುವುದು ಲ್ಯಾಬಿನ ರೂಢಿ. ಹಳೆಯ ಪರೀಕ್ಷೆಗಳು ವಯಸ್ಸನ್ನು ಕೇಳುತ್ತಿರಲಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೊಸ ಲೆಕ್ಕ ಕೇಳುತ್ತಿತ್ತು. ಐವತ್ತೆಂಟು ಎಂದು ಒತ್ತಿದಳು. ಅಂಕ ಗೆರೆ ದಾಟಿತು.

ಯಾರಿಗೂ ಹೇಳದೆ ತಿದ್ದಿಬಿಡಬಹುದಿತ್ತು. ಆದರೆ ಅವಳು ಇಡೀ ಫೈಲನ್ನು ಎತ್ತಿಕೊಂಡು ನೇರ ಡಾಕ್ಟರ ಕೋಣೆಗೆ ನುಗ್ಗಿದಳು. ಸ್ಕ್ಯಾನ್ ಚೆನ್ನಾಗಿದೆಯಲ್ಲ, ಆರು ತಿಂಗಳು ಬಿಟ್ಟು ನೋಡೋಣ ಎಂದರು ಅವರು.

"ಹನ್ನೆರಡು ವರ್ಷ ತಪ್ಪು ಬರೆದಿದ್ದು ನಾನೇ ಸಾರ್, ಬೇಕಿದ್ರೆ ಬರೆದು ಕೊಡ್ತೀನಿ. ಆದ್ರೆ ಅವನನ್ನ ಇವತ್ತೇ ವಾಪಸ್ ಕರೆಸಿ."

ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ ಫೋನೆತ್ತಿಕೊಂಡರು. ಎರಡು ದಿನದ ನಂತರ ಎಂಆರ್‌ಐನಲ್ಲಿ, ಲಿವರಿನ ಹಿಂಬದಿಯ ಮೂಲೆಯಲ್ಲಿ, ಹದಿನಾಲ್ಕು ಮಿಲಿಮೀಟರಿನ ಗಂಟು ಸಿಕ್ಕಿತು. ಒಂದೇ ಗಂಟು, ಎಲ್ಲಿಗೂ ಹರಡಿರಲಿಲ್ಲ. ಮೂರನೆಯ ವಾರ ಅದನ್ನು ಪೂರ್ತಿ ಕತ್ತರಿಸಿ ತೆಗೆದರು.

ಅಷ್ಟರಲ್ಲಿ ಚಿಕ್ಕಮ್ಮ ಲ್ಯಾಬಿನವರನ್ನೆಲ್ಲ ಕೂಡಿಸಿಕೊಂಡು ಮುನ್ನೂರಕ್ಕೂ ಹೆಚ್ಚು ಫೈಲುಗಳ ಮೇಲೆ ವಯಸ್ಸಿನ ಬದಲು ಹುಟ್ಟಿದ ವರ್ಷ ಬರೆಸಿದ್ದಳು. ಇನ್ನಿಬ್ಬರ ಅಂಕ ಗೆರೆ ದಾಟಿತು. ಒಬ್ಬರಿಗೆ ಹುಡುಕಿದರೂ ಏನೂ ಇರಲಿಲ್ಲ. ಇನ್ನೊಬ್ಬ ಹೆಂಗಸಿಗೆ ಇತ್ತು, ಅವಳೂ ಸಕಾಲಕ್ಕೆ ಗುಣವಾದಳು. ನಮ್ಮ ಮನೆಯಲ್ಲಿ ನಾವು ಕಾಲರ್ ಎತ್ತಿಕೊಂಡು ಓಡಾಡಿದೆವು.

ಚಿಕ್ಕಮ್ಮ ಮಾತ್ರ ಓಡಾಡಲಿಲ್ಲ. ಮಾಸ್ತರರು ವಾರ್ಡಿನಲ್ಲಿ ಎದ್ದು ಕೂತ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ, ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಹೇಳಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ದಿಂಬಿಗೆ ಒರಗಿದರು.

"ನನ್ನ ವಯಸ್ಸಲ್ಲಿ ಹನ್ನೆರಡು ವರ್ಷ ನುಂಗಿದ್ದೆ ಅನ್ನು," ಎಂದರು. "ಈಗ ಬಡ್ಡಿ ಸಮೇತ ವಾಪಸ್ ಕೊಟ್ಟಿದ್ದೀಯಲ್ಲೇ, ಅಳೋದ್ಯಾಕೆ?"

ಸೂಜಿ ಮೇಡಂ ವಾರ್ಡಿನ ತುಂಬ ಜನರಿದ್ದಾರೆಂಬುದನ್ನೂ ಮರೆತು ಗಳಗಳನೆ ಅತ್ತಳು, ಅಳುತ್ತಲೇ ನಕ್ಕಳು.