ಎರಡು ಹೆಸರಿನ ಕೂಗು

ಹೋದ ವಾರ ವರದಿಗೆಂದು ಬಸವನ ಬಾಗೇವಾಡಿಯ ಕೋರ್ಟಿಗೆ ಹೋಗಿದ್ದೆ. ವರಾಂಡದ ಕೊನೆಯ ಕೋಣೆಯಲ್ಲಿ ಯಾರೋ ಲಕೋಟೆಗೆ ಮುದ್ರೆ ಒತ್ತಲು ಅರಗು ಕರಗಿಸುತ್ತಿದ್ದರು. ಆ ವಾಸನೆಗೆ, ಹಿಂದೆ ಅದೇ ಕೋಣೆಯಲ್ಲಿ ಕುಳಿತು ಅರಗು ಕರಗಿಸುತ್ತಿದ್ದ ಶಿರಸ್ತೇದಾರರು ನೆನಪಾದರು...

ಇಂಡಿ ಪಟ್ಟಣದಲ್ಲಿ ಕೆಲವು ವರ್ಷ ವಕೀಲಿಕೆ ಮಾಡಿ, ಕರಿ ಕೋಟು ಕಳಚಿಟ್ಟು ಕೋರ್ಟಿನ ಕಚೇರಿ ಕೆಲಸಕ್ಕೆ ಸೇರಿದವರು ಅವರು. ಮುದ್ದೇಬಿಹಾಳ, ಸಿಂದಗಿ, ಬಾಗೇವಾಡಿ ಎಂದು ವರ್ಗವಾಗುತ್ತಲೇ ಕೂದಲು ಬೆಳ್ಳಗಾಯಿತು. ವಾದ ಬಿಟ್ಟಿದ್ದೇಕೆಂದು ಕೇಳಿದರೆ, ವಾದ ಮಾಡುವವರು ಬೇಕಾದಷ್ಟಿದ್ದಾರೆ, ಪಕ್ಷಗಾರರನ್ನು ಬಾಗಿಲು ದಾಟಿಸುವವರೂ ಬೇಕಲ್ಲ ಎನ್ನುತ್ತಿದ್ದರು. ಪತ್ರಿಕೆಯವನಾದ ನಾನು ಕೋರ್ಟಿನ ಸುದ್ದಿ ಕೇಳಿದರೆ ಮಾತ್ರ ಏನೂ ಬಿಟ್ಟುಕೊಡುತ್ತಿರಲಿಲ್ಲ. ಚಹಾ ಕುಡಿಸಿ ಕಳಿಸುತ್ತಿದ್ದರು.

ಸಿಂದಗಿಯಲ್ಲಿ ನಡೆದದ್ದು ಇದು. ದೇವಣಗಾಂವದ ಒಬ್ಬ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಅತ್ತೆಯ ಮನೆಯವರು ಇಟ್ಟುಕೊಂಡಿದ್ದ ಮಗಳನ್ನು ತನಗೆ ಕೊಡಿಸಬೇಕೆಂದು ಅರ್ಜಿ ಹಾಕಿದ್ದಳು. ಅವರು ಮಗುವನ್ನು ಸೋಲಾಪುರದ ನೆಂಟರಲ್ಲಿಗೆ ಕಳಿಸುವ ತಯಾರಿಯಲ್ಲಿದ್ದರು. ಆ ದಿನ ಆಕೆಯ ವಕೀಲರು ಇಂಡಿಯ ಕೋರ್ಟಿನಲ್ಲಿ ಸಿಕ್ಕಿಬಿದ್ದಿದ್ದರು. ಕೋರ್ಟಿನ ಜವಾನ, ಪಟ್ಟೇವಾಲಾ, ಬಾಗಿಲಲ್ಲಿ ನಿಂತು 'ಕಸ್ತೂರಿ' ಎಂದು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಅರ್ಜಿ ವಜಾ ಆಗುವುದರಲ್ಲಿತ್ತು.

ಶಿರಸ್ತೇದಾರರು ನ್ಯಾಯಾಧೀಶರ ಅಪ್ಪಣೆ ಪಡೆದು ಹೊರಗೆ ಬಂದರು. ನಾನೂ ಹಿಂದೆ ಹೋದೆ. ಬೇವಿನ ಮರದಡಿ ಹೆಂಗಸರು ಕುಳಿತಿದ್ದರು.

"ದೇವಣಗಾಂವದಾಕಿ ಯಾರವ್ವಾ?"

"ನಾನರಿ," ಎಂದು ಒಬ್ಬಳು ಎದ್ದಳು.

ಹೆಸರು ಕೂಗಿದರೂ ಯಾಕೆ ಬರಲಿಲ್ಲ ಎಂದು ಕೇಳಿದರು.

"ಅದು ಸಾಲ್ಯಾಗಿನ ಹೆಸರ್ರಿ, ಸಾಹೇಬ್ರ. ಲಗ್ನಾದಾಗಿಂದ ಎಲ್ಲಾರೂ ಸುವರ್ಣಾ ಅಂತಾರ. ಬ್ಯಾರೆ ಯಾರನ್ನೋ ಕರ್ಯಾಕತ್ತಾರ ಅಂದ್ಕೊಂಡೆ."

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ. ಕಾಗದದಲ್ಲಿ ತವರಿನ ಹೆಸರೇ ಉಳಿಯುತ್ತದೆ.

"ಜಜ್ ಸಾಹೇಬ್ರು ನಿನ್ನ ಲಗ್ನಕ್ಕ ಬಂದಿದ್ದಿಲ್ಲವ್ವಾ, ಅವರಿಗೇನ ಗೊತ್ತು? ನಡಿ ಒಳಗ."

ಅರ್ಜಿ ಉಳಿಯಿತು. ಕೆಲವು ತಿಂಗಳ ಮೇಲೆ ಅದೇ ಮರದಡಿ ಆಕೆ ಮಗಳಿಗೆ ಜಡೆ ಹಾಕುತ್ತಿದ್ದುದನ್ನು ಕಂಡೆ. ನನ್ನದಲ್ಲದ ವ್ಯಾಜ್ಯ; ಆದರೂ ಎದೆಯ ಭಾರ ಇಳಿದಂತಾಯಿತು.

ಅಂದಿನಿಂದ ಹೆಂಗಸರ ಪ್ರಕರಣವಿದ್ದರೆ ಬೆಳಿಗ್ಗೆಯೇ ಎರಡೂ ಹೆಸರು ಕೇಳಿಕೊಂಡು, ಊರು ಸೇರಿಸಿ ಕೂಗಬೇಕೆಂದು ಶಿರಸ್ತೇದಾರರು ಪಟ್ಟೇವಾಲಾನಿಗೆ ಕಟ್ಟಪ್ಪಣೆ ಮಾಡಿದರು. ವರ್ಗವಾದ ಕಡೆಗೆಲ್ಲ ಆ ರೂಢಿ ಒಯ್ದರು. ಅವರು ತೀರಿಕೊಂಡಾಗ ನಿಧನ ವಾರ್ತೆ ಬರೆದವನು ನಾನೇ. ನಾಲ್ಕು ಸಾಲಿನಲ್ಲಿ ಇದಕ್ಕೆ ಜಾಗವಿರಲಿಲ್ಲ...

ಈಗ ಬಾಗೇವಾಡಿಯ ಕೋರ್ಟಿನ ಬಾಗಿಲ ಮೇಲೆ ಪ್ರಕರಣದ ಸಂಖ್ಯೆ ತೋರಿಸುವ ಪರದೆ ಬಂದಿದೆ. ಅದರ ಕೆಳಗೆ ನಿಂತು ಪಟ್ಟೇವಾಲಾ ಒಂದು ಹೆಸರು ಕೂಗಿದ. ಯಾರೂ ಏಳಲಿಲ್ಲ. "ಗಂಡನ ಮನಿ ಹೆಸರು ಲಕ್ಷ್ಮೀಬಾಯಿ, ಕೊಲ್ಹಾರ" ಎಂದ. ಮೂಲೆಯಲ್ಲಿದ್ದ ಹೆಂಗಸೊಬ್ಬಳು ಚೀಲ ಎತ್ತಿಕೊಂಡು ಲಗುಬಗೆಯಿಂದ ಒಳಗೆ ಹೋದಳು.

ಹೀಗೆ ಕೂಗಲು ಯಾರು ಹೇಳಿದ್ದೆಂದು ಅವನನ್ನು ಕೇಳಿದೆ.

"ಮೊದಲಿಂದ ಹಿಂಗ ಐತಲ್ರಿ," ಎಂದ.

ಕೊನೆಯ ಕೋಣೆಗೆ ಹೋಗಿ ಅದನ್ನು ಹೇಳಬೇಕೆನಿಸಿತು. ಅಲ್ಲಿ ಅರಗು ಕರಗಿಸುತ್ತಿದ್ದವರು ಬೇರೆ ಯಾರೋ.